ಬೆಂಕಿಬಾಯಿಯ ನಿಲುವಂಗಿ

ನಾಗಪುರದ ಪ್ರತಾಪ ನಗರದ ನಮ್ಮ ಮನೆಯಲ್ಲಿ ಯುಗಾದಿಗೆ ಮುನ್ನ ಪ್ರತಿವರ್ಷ ಒಂದು ಮೊಳೆಯ ವಿಚಾರಣೆ ನಡೆಯುತ್ತದೆ. ನನ್ನ ಕೋಣೆಯ ಬಾಗಿಲ ಹಿಂದಿನ ಮೊಳೆ ಅದು. ಅದಕ್ಕೆ ತೂಗುಬಿದ್ದಿರುವುದು ಒಂದು ಬಿಳಿಯ ಕೋಟು; ಬಿಳಿ ಎನ್ನುವುದು ಈಗ ಸೌಜನ್ಯದ ಮಾತು. ಬಲತೋಳಿನ ತುದಿಯಲ್ಲಿ ಬಟ್ಟೆ ಸುಟ್ಟು ಬೂದಿಯಾಗಿಲ್ಲ, ಕರಗಿದೆ. ಕರಗಿದ್ದು ಕಪ್ಪು ಮಣಿಗಳಾಗಿ ಗಟ್ಟಿಯಾಗಿದೆ. ಜೇಡರ ಬಲೆ ತೆಗೆಯಲು ಕಸಬರಿಗೆ ಹಿಡಿದು ಬರುವ ಅವ್ವ ಅದರ ಮುಂದೆ ನಿಲ್ಲುತ್ತಾಳೆ.

“ಇದನ್ನ ಹೊರಗ ಒಗದು ಬಿಡ್ಲೇನ? ನೆಲಾ ಒರಸಾಕೂ ಬರಂಗಿಲ್ಲ ನೋಡು. ನೀರ ಹೀರಂಗೇ ಇಲ್ಲ.”

“ಬ್ಯಾಡವ್ವಾ. ಅದು ಸವಿತಾಂದು.”

“ಸವಿತಾ ಒಯ್ಯಂಗಿಲ್ಲ, ನೀ ಕೊಡಂಗಿಲ್ಲ. ಮೊಳಿಗೇನು ಬಾಡಗಿ ಬರತೈತೇನು?”

ಮೊಳೆಗೆ ಬಾಡಿಗೆ ಬರುವುದಿಲ್ಲ. ಆದರೆ ಆ ಕೋಟು ಅಲ್ಲಿಂದ ಇಳಿಯಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಬರಬೇಕು. ಆ ಪ್ರಶ್ನೆಯನ್ನು ನಾನು ಕಲಿತದ್ದು ವಿಶ್ವವಿದ್ಯಾಲಯದಲ್ಲಲ್ಲ. ಕತ್ತಿ, ಗುರಾಣಿ, ಮಂತ್ರದಂಡಗಳಿರುವ ಒಂದು ಆನ್‌ಲೈನ್ ಆಟದಲ್ಲಿ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ಅದಕ್ಕೆ ಅವಕಾಶ ಕಡಿಮೆ.

ಮೊದಲು ನನ್ನ ಕನ್ನಡದ ಬಗ್ಗೆ ಒಂದು ಮಾತು, ಏಕೆಂದರೆ ಅದರ ಬಿಗುವು ನಿಮಗೆ ಈಗಾಗಲೇ ಕಿರಿಕಿರಿ ಮಾಡಿರಬಹುದು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ವಿಭಾಗದವರು. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾದಾಗ ನಾನಿನ್ನೂ ಅಕ್ಷರ ತಿದ್ದುತ್ತಿದ್ದೆ. ಇಲ್ಲಿನ ಶಾಲೆಯಲ್ಲಿ ಕನ್ನಡವಿರಲಿಲ್ಲ. ಊರಿನಿಂದ ಬರುತ್ತಿದ್ದ ಖಡಕ್ ರೊಟ್ಟಿಯ ಗಂಟುಗಳಿಗೆ ಹಳೆಯ ಕನ್ನಡ ಪತ್ರಿಕೆ ಸುತ್ತಿರುತ್ತಿತ್ತು. ಅವ್ವ ಅದನ್ನು ನೆಲದ ಮೇಲೆ ಹರವಿ, ಮಡಿಕೆ ಸವರಿ, ಓದಿಸುತ್ತಿದ್ದಳು. ಹೀಗಾಗಿ ನನ್ನ ಮೊದಲ ಕನ್ನಡ ವಾಕ್ಯಗಳೆಲ್ಲ ನಡುವೆಯೇ ಆರಂಭವಾಗಿ ಎಣ್ಣೆಯ ಕಲೆಯಲ್ಲಿ ಮುಗಿಯುತ್ತಿದ್ದವು. ಸಿಕ್ಕಿದ್ದರಲ್ಲಿ ಹೆಚ್ಚಿನವು ಸಂಪಾದಕೀಯದ ಪುಟಗಳು. ಇಂದಿಗೂ ನಾನು ಹಾಲಿನವನ ಮೇಲೆ ಸಿಟ್ಟಾದರೂ ಸರಕಾರವನ್ನು ಉದ್ದೇಶಿಸಿ ಮಾತನಾಡಿದಂತೆಯೇ ಕೇಳಿಸುತ್ತದೆಂದು ಅಪ್ಪ ಹೇಳುತ್ತಾರೆ.

ಸವಿತಾ ಸಿಕ್ಕಿದ್ದು ಎಂ.ಎಸ್ಸಿ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ. ನನ್ನ ಹಿಂದಿನ ಮೇಜಿನಲ್ಲಿ ಒಂದು ಗಾಜಿನ ನಳಿಕೆ ಬಿದ್ದು ಒಡೆಯಿತು. ಒಡೆದ ಮರುಕ್ಷಣ ಒಬ್ಬ ಹುಡುಗಿ ಆ ಗಾಜಿನ ಚೂರುಗಳಿಗೆ, “ಹಾಳಾಗಿ ಹೋಗ್ರಿ, ಬೆಳಿಗ್ಗಿಂದ ಇದನ್ನೇ ಕಾಯಾಕತ್ತಿದ್ರೇನು?” ಎಂದಳು. ಮರಾಠಿ, ಹಿಂದಿಗಳ ನಡುವೆ ಗಾಜನ್ನು ಕನ್ನಡದಲ್ಲಿ, ಅದೂ ಬಹುವಚನದಲ್ಲಿ ಬೈಯುವವರನ್ನು ನಾನು ಬಿಟ್ಟೇನೆ? ತಿರುಗಿ, “ಯಾವೂರ್ರೀ ನಿಮ್ದು?” ಎಂದೆ. ರಾಯಚೂರು ಕಡೆಯವರು, ತಂದೆ ವಿದ್ಯುತ್ ಕೇಂದ್ರದ ನೌಕರರು, ಮನೆ ಊರಾಚೆ ಕೋರಾಡಿಯ ಕಾಲೊನಿಯಲ್ಲಿ. ಮಧ್ಯಾಹ್ನ ಡಬ್ಬಿ ಬಿಚ್ಚುವಷ್ಟರಲ್ಲಿ ‘ರೀ’ ಬಿದ್ದುಹೋಗಿತ್ತು. ಆ ವಾರ ಮುಗಿಯುವುದರೊಳಗೆ ಅವಳು ನನ್ನನ್ನು ಆಟಕ್ಕೆ ಎಳೆದಿದ್ದಳು.

ಆ ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ಕಸುಬು. ನನ್ನದು ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವ ಪಾತ್ರ. ರಾಕ್ಷಸನ ಏಟುಗಳೆಲ್ಲ ನನ್ನ ಮೇಲೆಯೇ ಬೀಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಕಡೆ ಗೋಡೆಗೆ ಗ್ವಾಡಿ ಎನ್ನುತ್ತಾರೆ. ಆ ಹೆಸರನ್ನೇ ಇಟ್ಟುಕೊಂಡೆ. ಸವಿತಾಳದು ಹಿಂದೆ ನಿಂತು ಮಂತ್ರದಿಂದ ಹೊಡೆಯುವ ಪಾತ್ರ. ಹೆಸರು ಬೆಂಕಿಬಾಯಿ. ಇಂಥ ಮಾಂತ್ರಿಕರಿಗೆ ಲೋಹದ ಕವಚವಿಲ್ಲ, ಬಟ್ಟೆಯೇ ಬಲ. ಟೊಪ್ಪಿಗೆ, ನಿಲುವಂಗಿ, ಕೈಗವಸು, ನಡುಪಟ್ಟಿ, ಪಾದರಕ್ಷೆ ಎಂಬ ಐದು ಉಡುಪುಗಳಲ್ಲಿ ಯಾವುದನ್ನು ತೊಟ್ಟರೆ ಮಂತ್ರದ ಏಟು ಎಷ್ಟು ಹೆಚ್ಚುತ್ತದೆ ಎಂಬುದನ್ನು ಆಟ ಅಂಕಿಗಳಲ್ಲಿ ತೋರಿಸುತ್ತದೆ. ಐದೂ ಒಂದೇ ಮನೆತನದವಾದರೆ ‘ಸೆಟ್’ ಪೂರ್ಣವಾಗುತ್ತದೆ, ಮೇಲೊಂದು ವರ ಸಿಗುತ್ತದೆ.

ಈ ಸೆಟ್‌ಗಳ ಹೋಲಿಕೆಯಲ್ಲಿ ನಾವು ಕಳೆದ ಮಧ್ಯಾಹ್ನಗಳಿಗೆ ಮಿತಿಯಿಲ್ಲ. ಬೇಸಿಗೆಯಲ್ಲಿ ನಾಗಪುರದ ಬೀದಿಗಳು ಊಟದ ಹೊತ್ತಿಗೆ ನಿರ್ಜನವಾಗುತ್ತವೆ. ಕೂಲರಿನ ಒದ್ದೆ ಹುಲ್ಲಿನ ವಾಸನೆಯಲ್ಲಿ, ಅದರ ಗದ್ದಲವನ್ನು ಮೀರಿ ಕೂಗಾಡುತ್ತ, ನಾವು ಇಲ್ಲದ ಹೆಂಗಸಿನ ಬಟ್ಟೆಗಾಗಿ ಜಗಳವಾಡುತ್ತಿದ್ದೆವು. ಅವಳಿಗೆ ಬೇಕಾದದ್ದು ಜ್ವಾಲೆಯ ಸೆಟ್: ಒಂದೊಂದು ಏಟೂ ಭೀಕರ, ರಕ್ಷಣೆ ಮಾತ್ರ ಇಲ್ಲವೇ ಇಲ್ಲ. ನನ್ನ ವಾದ ಬೆರಕೆಯ ಪರ: ಮೂರು ಜ್ವಾಲೆಯವು, ಎರಡು ಸರೋವರದ ಸೆಟ್ಟಿನವು. ಏಟು ತುಸು ತಗ್ಗುತ್ತದೆ, ಪೂರ್ಣ ಸೆಟ್ಟಿನ ವರವೂ ತಪ್ಪುತ್ತದೆ. ಆದರೆ ಬೆಂಕಿಯನ್ನು ತಡೆಯುವ ಗುಣ ಬರುತ್ತದೆ, ಮಂತ್ರಶಕ್ತಿ ಕಾಳಗದ ಕೊನೆಯವರೆಗೂ ಬತ್ತುವುದಿಲ್ಲ.

“ಸತ್ತ ಮಾಂತ್ರಿಕಿಯ ಡ್ಯಾಮೇಜ್ ಸೊನ್ನಿ, ತಿಳೀತಿಲ್ಲೋ?” ಎಂದು ನಾನು.

“ನಾ ಯಾಕ ಸಾಯ್ಲಿ? ನೀ ಗ್ವಾಡಿ ಇದ್ದಿಯಲ್ಲ ಮುಂದ. ಏಟ ತಿನ್ನಾಕಿ ನೀ, ಹೊಡಿಯಾಕಿ ನಾ. ಬರೋಬರ್ ಐತಿ ಲೆಕ್ಕ.”

ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವ್ವ ಒಮ್ಮೆ ತೀರ್ಪು ಕೊಟ್ಟಳು: “ಐದೂ ಒಂದೇ ಸೆಟ್ ಹಾಕ್ಕೊಳ್ಳಿ ಬಿಡು. ಇಳಕಲ್ ಸೀರಿಗೆ ಖಣದ ಕುಪ್ಪಸಾನೇ ಚಂದ. ಬ್ಯಾರೆ ಹಾಕಿದ್ರ ನಾಕ ಮಂದಿ ಏನಂದಾರು?”

“ನೋಡು! ಮಾವಶಿಗೆ ತಿಳೀತು, ನಿನಗ ತಿಳೀಲಿಲ್ಲ,” ಎಂದು ಸವಿತಾ ಅವ್ವನ ಹೆಗಲಿಗೆ ಜೋತುಬಿದ್ದಳು.

ಆಟದೊಳಗೆ ಸೆಟ್‌ಗಳನ್ನು ತೂಗಿ ನೋಡಲು ಒಂದು ಹುಲ್ಲಿನ ಗೊಂಬೆಯಿದೆ. ಅದರ ಮುಂದೆ ನಿಂತು ಹೊಡೆಯಬೇಕು. ಅಂಕಿಗಳು ಮೇಲೆ ಹಾರುತ್ತವೆ. ಜ್ವಾಲೆಯ ಸೆಟ್ ಅಲ್ಲಿ ಯಾವಾಗಲೂ ಗೆಲ್ಲುತ್ತಿತ್ತು. ಗೆಲ್ಲದೆ ಏನು? ಹುಲ್ಲಿನ ಗೊಂಬೆ ತಿರುಗಿ ಹೊಡೆಯುವುದಿಲ್ಲ. ಮುಂದೆ ನಮ್ಮ ಪ್ರಯೋಗಾಲಯಕ್ಕೆ ತಪಾಸಣೆಯ ತಂಡ ಬಂದಾಗಲೆಲ್ಲ ನನಗೆ ಆ ಗೊಂಬೆಯ ನೆನಪಾಗಿದೆ. ಅಂದು ನೆಲ ಫಿನಾಯಿಲಿನಿಂದ ಹೊಳೆಯುತ್ತದೆ. ಯಾವ ಬರ್ನರೂ ಉರಿಯುವುದಿಲ್ಲ, ಯಾವ ಸೀಸೆಯೂ ತೆರೆಯುವುದಿಲ್ಲ. ಎಲ್ಲವೂ ಸುರಕ್ಷಿತವೆಂದು ಬರೆದುಕೊಂಡು, ಚಹಾ ಕುಡಿದು ಅವರು ಹೋಗುತ್ತಾರೆ.

ಇನ್ನು ನಮ್ಮ ಗುಂಪಿನ ಕಟ್ಟಳೆ. ಗುಂಪಿನ ನಾಯಕಿ ಅಮರಾವತಿಯ ಒಬ್ಬ ಗೃಹಿಣಿ. ಅವರ ಮುಖವನ್ನು ನಾವಾರೂ ಕಂಡಿಲ್ಲ. ಹೆಡ್‌ಫೋನಿನಲ್ಲಿ ದನಿಯಷ್ಟೇ, ಹಿಂದೆ ಕುಕ್ಕರಿನ ಸೀಟಿ. ಎಲ್ಲರಿಗೂ ಅವರು ಕಾಕೂ, ಅಂದರೆ ಚಿಕ್ಕಮ್ಮ. ಅವರಾಡುವ ಮರಾಠಿಯನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಸೋತಾಗ, ಅಂದರೆ ನಾವೆಲ್ಲ ಸತ್ತು ನೆಲಕ್ಕೆ ಬಿದ್ದಾಗ, ಯಾರೂ ಕೂಡಲೇ ಎದ್ದು ಮತ್ತೆ ಕಾಳಗಕ್ಕೆ ಹೋಗುವಂತಿಲ್ಲ. ಕಾಕೂ ಕೇಳುತ್ತಾರೆ: “ಮುಂದೆ ಯಾರಿದ್ದರು?” ಮುಂದಿದ್ದವರು ಹೇಳಬೇಕು: ನಾನಿದ್ದೆ, ಇಂಥಲ್ಲಿ ತಪ್ಪಿದೆ. ಆಮೇಲೆ ಒಬ್ಬೊಬ್ಬರೂ ತಂತಮ್ಮ ಪಾಲು ಹೇಳಬೇಕು. ಇನ್ನೊಬ್ಬರ ಹೆಸರಿನಿಂದ ಬಾಯಿ ತೆರೆಯುವಂತಿಲ್ಲ. ಎಲ್ಲರ ಪಾಲೂ ಬರುವವರೆಗೆ ಹೆಣಗಳು ಹೆಣಗಳಾಗಿಯೇ ಬಿದ್ದಿರುತ್ತವೆ. ಬೆಂಕಿಬಾಯಿ ಅಷ್ಟು ತೆಳುವಾದ ಬಟ್ಟೆ ತೊಟ್ಟು ನಿಲ್ಲುವುದು ಧೈರ್ಯವಲ್ಲ, ಅದೊಂದು ಒಪ್ಪಂದ ಎಂದು ನನಗೆ ಹೊಳೆದದ್ದು ಈ ಕಟ್ಟಳೆಯಿಂದ. ಮುಂದೆ ನಿಲ್ಲುತ್ತೇನೆಂದು ಒಬ್ಬರು ಒಪ್ಪಿಕೊಂಡಿರುವುದರಿಂದಲೇ ಇನ್ನೊಬ್ಬರು ತೆಳುವಾಗಿರಲು ಸಾಧ್ಯ.

ಈಗ ಆ ಕೋಟಿಗೆ ಬರುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ನೀವು ನಾಗಪುರಕ್ಕೆ ಬಂದಿದ್ದರೆ ಸ್ಕೂಟಿಯ ಮೇಲೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ ಬೆಚ್ಚಿರುತ್ತೀರಿ. ಮುಖಕ್ಕೆ ದುಪಟ್ಟಾ ಸುತ್ತಿ, ಕಪ್ಪು ಕನ್ನಡಕ ಧರಿಸಿ, ಮೊಣಕೈವರೆಗೆ ಕೈಗವಸು ಏರಿಸಿ ಡಕಾಯಿತರಂತೆ ಸಾಗುತ್ತಾರೆ. ಲೂ ಎಂಬ ಬಿಸಿಗಾಳಿ ಬಡಿಯದಿರಲೆಂದು ಕಿಸೆಯಲ್ಲಿ ಈರುಳ್ಳಿ. ಇವೆಲ್ಲದರ ಮೇಲೆ ಬಿಸಿಲಿಗೆಂದೇ ಹೊಲಿದ ತುಂಬುತೋಳಿನ ಬಿಳಿ ಕೋಟು. ಬೇಸಿಗೆ ಬರುತ್ತಲೇ ಫುಟ್‌ಪಾತಿನ ಹಗ್ಗಗಳ ಮೇಲೆ ಇಂಥ ಕೋಟುಗಳು ಮಾರಾಟಕ್ಕೆ ಸಾಲಾಗಿ ತೂಗಾಡುತ್ತವೆ. ಇದೇ ನಮ್ಮೂರಿನ ಪೂರ್ಣ ಸೆಟ್. ಕೋರಾಡಿಯಿಂದ ಬರುವ ಸವಿತಾಳಿಗಂತೂ ಅದು ಚರ್ಮದಷ್ಟೇ ಅಗತ್ಯ.

ಪ್ರಯೋಗಾಲಯದಲ್ಲಿಯೂ ತುಂಬುತೋಳಿನ ಬಿಳಿ ಕೋಟು ಬೇಕೆಂಬ ನಿಯಮವಿತ್ತು. ಯಾವ ಬಟ್ಟೆಯದು ಎಂದು ನಿಯಮ ಹೇಳಲಿಲ್ಲ. ಕೋಟನ್ನು ವಿಭಾಗ ಕೊಡಲೂ ಇಲ್ಲ. ಸ್ಕೂಟಿ ನಿಲ್ಲಿಸಿ, ದುಪಟ್ಟಾ ಬಿಚ್ಚಿ, ಅದೇ ಬಿಸಿಲಿನ ಕೋಟಿನಲ್ಲಿ ಒಳಗೆ ನಡೆದರೆ ನಿಯಮ ಪಾಲನೆಯಾಯಿತು. ನಮಗಿಂತ ಹಿಂದಿನ ತಂಡಗಳೂ ಹಾಗೆಯೇ ಮಾಡಿದ್ದವು. ಮೊದಲ ದಿನ ಸವಿತಾ, “ಸರ್, ಇದು ನಡೆಯುತ್ತದೆಯೇ?” ಎಂದು ಹಿಂದಿಯಲ್ಲಿ ಕೇಳಿಯೂ ಇದ್ದಳು. ಉಸ್ತುವಾರಿಯ ಅಧ್ಯಾಪಕರು ಅವಳ ತೋಳಿನ ಉದ್ದ ನೋಡಿ, “ಚಾಲ್ತೆ, ಚಾಲ್ತೆ” ಎಂದರು. ನಡೆಯುತ್ತದೆ, ನಡೆಯುತ್ತದೆ. ಈ ಊರಿನಲ್ಲಿ ನಾನು ಅತ್ಯಂತ ಭಯಪಡುವ ಶಬ್ದ ಇದು. ಸೇತುವೆ ಬೀಳುವ ಹಿಂದಿನ ದಿನವೂ ಯಾರೋ ಒಬ್ಬರು ಇದನ್ನೇ ಹೇಳಿರುತ್ತಾರೆ.

ಆ ಬಟ್ಟೆ ಹತ್ತಿಯದಾಗಿರಲಿಲ್ಲ. ಹಗುರವಾಗಿರಲಿ, ಬೇಗ ಒಣಗಲಿ ಎಂದು ಪ್ಲಾಸ್ಟಿಕ್ಕಿನ ನೂಲಿನಿಂದ ನೇಯ್ದದ್ದು. ಬಿಸಿಲಿಗೆ ಅದು ಸಾಕು. ಆಟದಲ್ಲಾಗಿದ್ದರೆ ಆ ಕೋಟಿನ ಮೇಲೆ ಬೆರಳಿಟ್ಟೊಡನೆ ಬರೆಹ ಮೂಡುತ್ತಿತ್ತು: ಬಿಸಿಲಿನ ತಡೆ ಉಂಟು, ಬೆಂಕಿಯ ತಡೆ ಇಲ್ಲ. ಇಲ್ಲದ ರಾಕ್ಷಸನ ಎದುರು ನಿಲ್ಲುವ, ಇಲ್ಲದ ಹೆಂಗಸಿನ ನಿಲುವಂಗಿಗೆ ಅಷ್ಟು ಪಾರದರ್ಶಕ ಆಡಳಿತವಿದೆ. ಇರುವ ಹೆಂಗಸಿನ ಕೋಟಿಗೆ ಇರಲಿಲ್ಲ.

ಬೆಂಕಿ ಹತ್ತಿದ ದಿನ ಅಧ್ಯಾಪಕರನ್ನು ಯಾವುದೋ ಸಭೆಗೆ ಕರೆದಿದ್ದರು. ಕೋಣೆಯಲ್ಲಿ ನಾವು ವಿದ್ಯಾರ್ಥಿಗಳು ಮಾತ್ರ. ಸವಿತಾ ಒಂದು ದ್ರಾವಕವನ್ನು ಬಗ್ಗಿಸುತ್ತಿದ್ದಳು. ಪಕ್ಕದ ಮೇಜಿನಲ್ಲಿ ಬರ್ನರು ಉರಿಯುತ್ತಿತ್ತು. ಆವಿ ಬೆಂಕಿಯವರೆಗೆ ಹೋಯಿತು, ಬೆಂಕಿ ಆವಿಯ ಜಾಡು ಹಿಡಿದು ಬಂತು. ದೊಡ್ಡ ಜ್ವಾಲೆಯೇನಲ್ಲ, ಹಣತೆಯನ್ನು ಉರುಳಿಸಿದಷ್ಟು. ಹತ್ತಿಯ ತೋಳಾಗಿದ್ದರೆ ತಟ್ಟಿ ಆರಿಸಬಹುದಿತ್ತು. ಇದು ಕರಗಿತು. ಕರಗಿ ಮಣಿಕಟ್ಟಿಗೆ ಅಂಟಿಕೊಂಡಿತು. ನಾನು ಮರಳಿನ ಬಕೆಟ್ಟಿಗೆ ಓಡಿದೆ. ಅದು ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ಕೆಲಸದಲ್ಲಿತ್ತು, ಅದರಲ್ಲಿ ಮರಳಿಗಿಂತ ಕಸವೇ ಹೆಚ್ಚಿತ್ತು. ಕೊನೆಗೆ ನಲ್ಲಿಯ ಕೆಳಗೆ ಅವಳ ಕೈ ಹಿಡಿದು ನಿಂತೆ. ಅವಳು ಕೂಗಲಿಲ್ಲ. “ನೀರ ಬಂದ್ ಮಾಡಬ್ಯಾಡ, ಬಂದ್ ಮಾಡಬ್ಯಾಡ” ಎಂದಷ್ಟೇ ಹೇಳುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಕೆಲಕಾಲ ಅವಳು ನಮ್ಮ ಮನೆಯಲ್ಲಿಯೇ ಇದ್ದಳು. ಕೋರಾಡಿಯಿಂದ ನಿತ್ಯ ಡ್ರೆಸಿಂಗಿಗೆ ಬರುವುದು ದೂರವಾಗುತ್ತಿತ್ತು. ಅವ್ವ ಊಟ ಕಲಸಿ ಚಮಚ ಕೈಗೆ ಕೊಡುವಳು. ಗಾಯ ಮಾಯಿತು, ಆದರೆ ಮಾದ ಚರ್ಮ ಬಿಗಿದುಕೊಂಡಿತು. ಬಲಗೈಯ ಹೆಬ್ಬೆರಳು ಹೇಳಿದ ಮಾತು ಕೇಳದಾಯಿತು. ಲೇಖನಿ ಹಿಡಿದರೆ ನಡುಗುತ್ತಿತ್ತು, ಪ್ರಯೋಗದ ಸಣ್ಣ ನಲ್ಲಿಯನ್ನು ತಿರುಗಿಸಲು ಆಗುತ್ತಿರಲಿಲ್ಲ. ಗುಂಡಿ ಹಾಕುವ, ಬಿಚ್ಚುವ ಅಭ್ಯಾಸ ಮಾಡಲು ವೈದ್ಯರು ಹೇಳಿದ್ದರು.

ಆ ದಿನಗಳಲ್ಲಿ ನಾವು ಸೆಟ್‌ಗಳನ್ನು ಮತ್ತೊಮ್ಮೆ ಹೋಲಿಸಿ ನೋಡಿದೆವು. ಹಳೆಯ ತರ್ಕಗಳೆಲ್ಲ ಬುಡಮೇಲಾಗಿದ್ದವು. ಜ್ವಾಲೆಯ ಸೆಟ್ಟಿಗೆ ವೇಗ ಬೇಕು. ಒಂದರ ಹಿಂದೊಂದು ಕೀಲಿ ಒತ್ತುತ್ತಲೇ ಇರಬೇಕು. ಸವಿತಾ ಎಡಗೈಯಲ್ಲಿ ಪ್ರಯತ್ನಿಸಿದಳು, ಬೆಂಕಿಬಾಯಿ ಮಂತ್ರದ ನಡುವೆಯೇ ತಡವರಿಸಿ ಸತ್ತಳು. ಕೊನೆಗೆ ಅವಳೇ, ನಾವು ಹಿಂದೆಂದೂ ಕಣ್ಣೆತ್ತಿ ನೋಡದ, ಬಂಡೆಯ ಸೆಟ್ಟನ್ನು ಹೊರತೆಗೆದಳು. ಮಂತ್ರ ಪೂರ್ಣವಾಗಲು ಬಹಳ ಹೊತ್ತು ಬೇಕು. ನಡುವೆ ಕದಲುವಂತಿಲ್ಲ. ಆದರೆ ಬೀಳುವ ಏಟು ಒಂದಾದರೂ ಬೆಟ್ಟ ಬಿದ್ದಂತೆ.

“ಇದರಾಗ ಗಡಬಡಿ ಇಲ್ಲ. ಒಂದ ಸಲ ಒತ್ತೂದು, ಸುಮ್ನ ನಿಂದ್ರೂದು,” ಎಂದಳು.

“ನಿಂತಾಗ ನಿನ್ನ ಮ್ಯಾಲೆ ಬಂದ್ರ?”

“ನೀ ಅದೀಯಲ್ಲ.”



ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು. ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿ ಒಂದು ಮಾತು ಹೇಳಿದರು: ನಡೆದದ್ದೆಲ್ಲ ತನ್ನ ಅಜಾಗರೂಕತೆಯಿಂದ ಎಂದು ಅಧ್ಯಾಪಕರೆಲ್ಲರ ಎದುರು ಅವಳು ಒಪ್ಪಿಕೊಳ್ಳಬೇಕು. ಒಪ್ಪಿದರೆ ಪರೀಕ್ಷೆಗೆ ಪ್ರವೇಶ, ನಿಧಾನದ ಕೈಗೆ ಹೆಚ್ಚುವರಿ ಸಮಯ. ಇಲ್ಲವಾದರೆ ಸುರಕ್ಷತೆಯ ದೃಷ್ಟಿಯಿಂದ ಮುಂದಿನ ವರ್ಷ ನೋಡೋಣ.

ನಮ್ಮ ಮನೆಯಲ್ಲಿ ರಣಕಹಳೆ ಮೊಳಗಿದ್ದು ನನ್ನ ಕೋಣೆಯಿಂದ. ನಾನೊಂದು ಭಾಷಣ ಸಿದ್ಧಪಡಿಸಿದೆ. ಅದರಲ್ಲಿ ಉತ್ತರದಾಯಿತ್ವವಿತ್ತು, ಸಾಂಸ್ಥಿಕ ನಿರ್ಲಕ್ಷ್ಯವಿತ್ತು, ಇತಿಹಾಸ ಕ್ಷಮಿಸದು ಎಂಬ ವಾಕ್ಯವೂ ಇತ್ತು. ಸಿವಿಲ್ ಲೈನ್ಸಿನ ಕೋರ್ಟಿನವರೆಗೂ ಹೋಗುವ ಬೆದರಿಕೆಯನ್ನು ಮುಕ್ತಾಯದಲ್ಲಿಟ್ಟಿದ್ದೆ. ಸವಿತಾಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, “ಭಾರಿ ಐತಿ. ಜ್ವಾಲಾದ ಸೆಟ್ ಹಾಕ್ಕೊಂಡ ಬರದಂಗೈತಿ,” ಎಂದಳು.

“ಮತ್ತ ನೀ ಏನ ಹೇಳಾಕಿ? ಒಪ್ಕೋತೀಯೇನು?”

“ನನ್ನ ಪಾಲ ಒಪ್ಕೋತೀನಿ.”

“ಏ ಹುಚ್ಚಿ, ಅವರಿಗೆ ಅದೇ ಬೇಕಾಗೇತಿ!”

“ಅವರಿಗೆ ಬೇಕಾಗಿದ್ದು ಎಲ್ಲಾರ ಪಾಲು. ನಾ ಕೊಡೂದು ನನ್ನ ಪಾಲಷ್ಟ.”

ಕೈ ಇನ್ನೂ ಗುಣವಾಗಿರದ ಕಾರಣ ಜೊತೆಗೊಬ್ಬರು ಇರಲೆಂದು ಕೇಳಿಕೊಂಡು ನಾನೂ ಒಳಗೆ ಹೋದೆ. ಮುಖ್ಯಸ್ಥರ ಕೋಣೆಯಲ್ಲಿ ಎಸಿ ಇತ್ತು. ಮೇಜಿನ ಸುತ್ತ ಅಧ್ಯಾಪಕರು. ಸವಿತಾ ಕುಳಿತು, ಬಲಗೈಯನ್ನು ಮುಚ್ಚದೆ ಮೇಜಿನ ಮೇಲಿಟ್ಟಳು. ಹಿಂದಿಯಲ್ಲಿ, ದನಿ ಏರಿಸದೆ ಹೇಳಿದಳು: “ಸರ್, ಬಿಸಿಲಿನ ಕೋಟು ಹಾಕಿಕೊಂಡು ಬಂದವಳು ನಾನು. ಅದು ಎಂಥ ಬಟ್ಟೆ ಎಂದು ಒಂದು ನೂಲು ಸುಟ್ಟು ನೋಡಿದ್ದರೂ ತಿಳಿಯುತ್ತಿತ್ತು, ನೋಡಲಿಲ್ಲ. ಪಕ್ಕದಲ್ಲಿ ಬರ್ನರು ಉರಿಯುತ್ತಿರುವಾಗ ದ್ರಾವಕ ಬಗ್ಗಿಸಿದವಳೂ ನಾನೇ. ಇದು ನನ್ನ ಪಾಲು.”

ಮುಖ್ಯಸ್ಥರ ಮುಖ ಸಡಿಲವಾಯಿತು. “ಶಾಬಾಸ್. ತಪ್ಪು ಒಪ್ಪಿಕೊಂಡೆ, ವಿಷಯ ಮುಗಿಯಿತು. ಹೋಗು, ಓದಿಕೋ,” ಎಂದರು.

ಸವಿತಾ ಏಳಲಿಲ್ಲ.

“ನನ್ನ ಪಾಲು ಮುಗಿಯಿತು ಸರ್. ಮುಂದೆ ಯಾರಿದ್ದರು?”

ಪ್ರಶ್ನೆ ಯಾರಿಗೂ ಅರ್ಥವಾಗಲಿಲ್ಲವೆಂದು ಮೊದಲು ಅಂದುಕೊಂಡೆ. ಆಮೇಲೆ ಎಲ್ಲರಿಗೂ ಅರ್ಥವಾಗಿದೆ ಎಂದು ತಿಳಿಯಿತು, ಏಕೆಂದರೆ ಒಬ್ಬರೂ ಇನ್ನೊಬ್ಬರ ಕಡೆ ನೋಡುತ್ತಿರಲಿಲ್ಲ. ‘ಚಾಲ್ತೆ’ ಎಂದಿದ್ದ ಅಧ್ಯಾಪಕರು ತಮ್ಮ ಅಂಗೈ ನೋಡಿಕೊಂಡರು. ಒಮ್ಮೆ ಬಾಯಿ ತೆರೆದರು, ಮುಖ್ಯಸ್ಥರು ಕೆಮ್ಮಿದರು, ಬಾಯಿ ಮುಚ್ಚಿತು. ನನ್ನ ಭಾಷಣ ಗಂಟಲಿನವರೆಗೆ ಬಂದಿತ್ತು. ಸವಿತಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕದಲಬೇಡ ಎಂದು. ಮಂತ್ರ ಇನ್ನೂ ಪೂರ್ಣವಾಗಿರಲಿಲ್ಲ. ಎಸಿಯ ಸದ್ದೊಂದೇ ಉಳಿದ ಆ ಕೋಣೆಯಲ್ಲಿ ಅವಳು ಸುಮ್ಮನೆ, ಬಂಡೆಯ ಹಾಗೆ, ಕಾಯುತ್ತ ಕುಳಿತಿದ್ದಳು.

ಕೊನೆಗೆ ಮುಖ್ಯಸ್ಥರು ಮೇಜಿನತ್ತಲೇ ನೋಡುತ್ತ, “ಪರೀಕ್ಷೆಗೆ ಬಾ. ಸಮಯ ಹೆಚ್ಚು ಕೊಡುತ್ತೇವೆ,” ಎಂದರು. ಅದು ಉತ್ತರವಲ್ಲ. ಆದರೂ ಅವಳು ಎದ್ದಳು. ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ, “ಪರೀಕ್ಷಾ ಸಿಕ್ತು, ಉತ್ತರ ಸಿಗಲಿಲ್ಲ. ಕೋಟು ನಿನ್ನ ಕಡೇನ ಇರ್ಲಿ. ಅವರು ಹೇಳೂ ತನಕ ಇಟ್ಕೊ,” ಎಂದಳು.

ಅವಳು ಪರೀಕ್ಷೆ ಬರೆದು ಉತ್ತೀರ್ಣಳಾದಳು. ಈಗ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾಳೆ. ನಾನು ಅದೇ ವಿಭಾಗದಲ್ಲಿ ಸಂಶೋಧನೆಗೆ ಉಳಿದೆ. ಮುಂದಿನ ಸಾಲಿನಲ್ಲಿ ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲ ಬಳಿ ದಪ್ಪ ಹತ್ತಿಯ ಕೋಟುಗಳು ತೂಗಾಡುತ್ತಿದ್ದವು. ಬಕೆಟ್ಟಿನಲ್ಲಿ ಹೊಸ ಮರಳಿತ್ತು. ಯಾರು ತರಿಸಿದರು, ಏಕೆ ತರಿಸಿದರು ಎಂದು ಯಾರೂ ಹೇಳಲಿಲ್ಲ. ಸಂತೋಷಪಡಬೇಕೆಂದು ಹಲವರು ನನಗೆ ಬುದ್ಧಿ ಹೇಳಿದ್ದಾರೆ. ಕೋಟುಗಳಿಗಾಗಿ ಸಂತೋಷವಿದೆ. ಆದರೆ ತಪ್ಪನ್ನು ಗುಟ್ಟಾಗಿ ತಿದ್ದಿಕೊಳ್ಳುವವರು ತಪ್ಪನ್ನು ಗುಟ್ಟಾಗಿ ಮರೆಯಲೂ ಬಲ್ಲರು. ಆ ಕೋಟುಗಳು ಹರಿದ ವರ್ಷ ಹೊಸದು ತರುವುದು ಯಾರ ಹೊಣೆ? ಹೆಸರಿಲ್ಲದ ಒಳಿತಿಗೆ ಮರುವರ್ಷದ ಖಾತರಿಯಿಲ್ಲ. ಆದ್ದರಿಂದ ಹೊಸ ವಿದ್ಯಾರ್ಥಿಗಳ ಮೊದಲ ದಿನ, ಉಸ್ತುವಾರಿ ನನಗೆ ಬಿದ್ದಾಗಲೆಲ್ಲ, ನನ್ನ ಹೆಸರು ಹೇಳಿ, “ಇವತ್ತು ಮುಂದೆ ನಾನಿದ್ದೇನೆ” ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಈ ಯುಗಾದಿಗೆ ಸವಿತಾ ಬೇವು ಬೆಲ್ಲಕ್ಕೆ ಬಂದಿದ್ದಳು. ಅವ್ವ ಎಂದಿನಂತೆ ಮೊಳೆಯ ವಿಚಾರಣೆ ಎತ್ತಿದಳು: “ಬಂದೀಯಲ್ಲ, ನೀನ ಹೇಳವಾ. ಒಗೀಲೋ ಬ್ಯಾಡೋ?”

“ನಿಮ್ಮ ಸರ್ ಏನರ ಅಂದ್ರೇನು?” ಎಂದು ಸವಿತಾ ನನ್ನನ್ನು ಕೇಳಿದಳು.

“ಇಲ್ಲ.”

ಅವಳು ಕೋಟನ್ನು ಮೊಳೆಯಿಂದ ಇಳಿಸಿದಳು. ಧೂಳು ಕೊಡವಿ, ಹ್ಯಾಂಗರಿಗೆ ತೊಡಿಸಿ, ಮೇಲಿನಿಂದ ಒಂದೊಂದಾಗಿ ಗುಂಡಿ ಹಾಕತೊಡಗಿದಳು, ಬಲಗೈಯಲ್ಲಿಯೇ. ಹೆಬ್ಬೆರಳು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಸಹಾಯಕ್ಕೆಂದು ಅವ್ವ ಕೈ ಚಾಚಿ, ಏನು ತೋಚಿತೋ, ಹಿಂದಕ್ಕೆ ತೆಗೆದುಕೊಂಡಳು. ಹಬ್ಬದ ಅಡಿಗೆ ಒಲೆಯ ಮೇಲಿತ್ತು, ಆದರೂ ಯಾರೂ ಅವಸರ ಮಾಡಲಿಲ್ಲ. ಕೊನೆಯ ಗುಂಡಿ ಕೂತ ಮೇಲೆ ಸವಿತಾ ಕೋಟನ್ನು ಅವ್ವನ ಕೈಗೆ ಕೊಟ್ಟಳು.

ಅವ್ವ ಮೊಳೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು. “ಇದು ಸಡ್ಲಾಗೇತಿ,” ಎಂದು ಅಪ್ಪನನ್ನು ಕೂಗಿದಳು. “ಸುತ್ತಿಗಿ ತರ್ರಿ. ಇನ್ನೂ ಭಾಳ ದಿನಾ ತಡೀಬೇಕದು.”